ಸಮಕ್ಕಿಂತ ಮುಂಚೆ ಬಿದ್ದ ಕೈ

ಫೋನಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಅವರ ಮಾತು ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬಾಯಿ ತೆರೆಯುತ್ತೇನೆ. ಇದರಿಂದ ಆಗಿರುವ ಪೇಚಾಟಗಳು ಒಂದೆರಡಲ್ಲ. ಗ್ಯಾಸ್ ಏಜೆನ್ಸಿಯವನು ಲೈನ್ ಕಟ್ಟಾಯಿತೆಂದು ಫೋನ್ ಇಟ್ಟುಬಿಡುತ್ತಾನೆ. ತನ್ನ ಮಗನ ನಿಶ್ಚಿತಾರ್ಥಕ್ಕೆ ಬರುತ್ತೀಯಲ್ಲ ಎಂದು ನಾದಿನಿ ಕೇಳಿದಾಗ ನಾನು ಹೀಗೆ ತಡೆದದ್ದನ್ನು ಆಕೆ ಅಸಮಾಧಾನವೆಂದು ತಿಳಿದು ಬಹಳ ದಿನ ಮುನಿಸಿಕೊಂಡಿದ್ದಳು. ಕಾರಣ ಗೊತ್ತಿರುವುದು ಮಗಳು ಅಕ್ಷತಾಗೆ ಮಾತ್ರ. ಕಂಪ್ಲಿಯಿಂದ ಫೋನ್ ಮಾಡಿದಾಗ, "ಅಮ್ಮಾ, ನನ್ ಮಾತು ಬಂದು ಮುಟ್ಟೇತಿ. ಈಗ ನೀ ಮಾತಾಡಬೌದು" ಎಂದು ನಗುತ್ತಾಳೆ.

ಹೋದ ವಾರ ಅವಳ ಮನೆಗೆ ಹೋಗಿದ್ದೆ. ಸಂಜೆ ಹೊತ್ತು ಅವಳು ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ತಬಲಾ ಹೇಳಿಕೊಡುತ್ತಾಳೆ. ಅವರಲ್ಲೊಬ್ಬ ಹುಡುಗ ಅಪ್ಪನಿಗೆ ವರ್ಗವಾಗಿ ರಾಯಚೂರಿಗೆ ಹೋಗಿದ್ದಾನೆ. ಅವನ ಪಾಠ ಮಾತ್ರ ಫೋನಿನಲ್ಲಿ. ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದ್ದಳು. ನಾನು ಮೂಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಹುಡುಗ ಕೇಳಿದ: "ಮೇಡಂ, ಒಬ್ನೇ ಬಾರಸಾಕ ಬ್ಯಾಸರ. ನೀವೂ ಜೊತೀಗೆ ಬಾರ್ಸ್ರಿ."

"ಫೋನಿನ್ಯಾಗ ನಾ ಜೊತೀಗೆ ಬಾರ್ಸಂಗಿಲ್ಲಪ್ಪ," ಎಂದಳು ಅಕ್ಷತಾ. "ನೀ ಬಾರ್ಸು. ನಾ ಕೇಳ್ತೀನಿ."

"ಯಾಕ್ರೀ ಮೇಡಂ?"

"ಬೇಸಿಗಿ ಸೂಟೀಗೆ ಇಲ್ಲಿ ಬರ್ತೀಯಲ್ಲ, ಅವಾಗ ಜೊತೀಗೆ ಬಾರಸೋಣು."

ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಅಲ್ಲೇ ನಿಂತಿತ್ತು.

ಇದೆಲ್ಲ ಶುರುವಾದದ್ದು ಗಣಿಗಳ ಕಾಲದಲ್ಲಿ. ಸಂಡೂರಿನಲ್ಲಿ ಕೆಂಪನ್ನು ಒಂದು ಬಣ್ಣವೆಂದು ನೋಡುವುದನ್ನೇ ನಾವು ಬಿಟ್ಟಿದ್ದೆವು. ಮರದ ಎಲೆ, ಬಸ್ಸಿನ ಗಾಜು, ಒಣಹಾಕಿದ ಪಂಚೆ, ಹಾಲು ತರುವವನ ಹುಬ್ಬು, ಎಲ್ಲ ಒಂದೇ. ಕರ್ಚೀಫಿನಲ್ಲಿ ಸೀನಿದರೂ ಕೆಂಪು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಜಮಾನರು ತೋರಣಗಲ್ಲಿಗೆ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿದ್ದಷ್ಟು ಹೊತ್ತು ಮಲಗಿರುತ್ತಿದ್ದರು. ಬಾಡಿಗೆ ಮನೆ ಮಹಡಿಯ ಮೇಲೆ. ಕೆಳಗೆ ಮಾಲೀಕರಾದ ಪಂಪಣ್ಣನವರ ಟ್ರಾನ್ಸ್‌ಪೋರ್ಟ್ ಆಫೀಸು. ಜೋಳ ಬೆಳೆಯುತ್ತಿದ್ದ ಮನುಷ್ಯ, ನೋಡನೋಡುತ್ತಿದ್ದಂತೆ ಅದಿರು ಸಾಗಿಸುವ ಲಾರಿಗಳ ಒಡೆಯರಾಗಿದ್ದರು. ಆದರೂ ಅವರಿಗೆ ತಿರುಗುವ ಕುರ್ಚಿಯಲ್ಲಿ ಕೂರಲು ಸಂಕೋಚ. ಅದನ್ನು ಬಂದವರಿಗೆ ಕೊಟ್ಟು, ತಾವು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದರು.

ಸಂಗೀತದ ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬಬಾರದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕವಳಿದ್ದಾಗ ಕಂಪ್ಲಿಯಲ್ಲಿ ನನ್ನನ್ನೂ ಹಾರ್ಮೋನಿಯಂ ಕಲಿಯಲು ಹಾಕಿದ್ದರು. ಪಾಠ ನಡೆಯುತ್ತಿದ್ದದ್ದು ಅಕ್ಕಿ ಗಿರಣಿಯ ಗೋಡೆಗೆ ಹೊಂದಿದ ಒಂದು ಕೋಣೆಯಲ್ಲಿ. ಗೋಡೆಯಾಚೆ ಗಿರಣಿಯ ಪಟ್ಟಿ ದಿನವಿಡೀ ಟಪ್ ಟಪ್ ಎಂದು ಬಡಿಯುತ್ತಿತ್ತು. ತಾಳ ಹಾಕಿ ಹಾಕಿ ದಣಿದ ನಮ್ಮ ಮಾಸ್ತರು, "ಆ ಸಪ್ಪಳಕ್ಕೇ ಹಾಡ್ರಿ" ಎಂದು ಹೇಳಿ ಕಣ್ಣು ಮುಚ್ಚುತ್ತಿದ್ದರು. ಭತ್ತದ ಧೂಳಿನ ವಾಸನೆ, ಬಿಸಿ ತೌಡಿನ ವಾಸನೆ, ನಡುವೆ ನಮ್ಮ ಸರಿಗಮ. ಕರೆಂಟು ಹೋಗಿ ಗಿರಣಿ ನಿಂತರೆ ನಾವೂ ನಿಲ್ಲುತ್ತಿದ್ದೆವು. ಒಂದು ಸುಗ್ಗಿಯ ನಂತರ ಗಿರಣಿಯ ರಿಪೇರಿಗೆಂದು ಬಾಗಿಲು ಹಾಕಿದರು. ನನ್ನ ಸಂಗೀತವೂ ಅಲ್ಲಿಗೆ ಮುಗಿಯಿತು. ಇಂದಿಗೂ ನಾನು ತಾಳ ತಪ್ಪದೆ ಹಾಡಬೇಕೆಂದರೆ ಪಕ್ಕದಲ್ಲಿ ಯಾರಾದರೂ ಭತ್ತ ಕುಟ್ಟಿಸಬೇಕು.

ಮಗಳು ಹಾಗಾಗಲಿಲ್ಲ. ಅವಳು ಕೂಸಾಗಿದ್ದಾಗಿನಿಂದಲೂ ಪರಾತ, ಹಿಟ್ಟಿನ ಡಬ್ಬಿ, ಮಲಗಿದ್ದ ಅಪ್ಪನ ಬೆನ್ನು, ಸಿಕ್ಕಿದ್ದರ ಮೇಲೆ ಬೆರಳಾಡಿಸುವವಳು. ಅವಳನ್ನು ಪ್ರತಿ ಭಾನುವಾರ ಬಸ್ಸಿನಲ್ಲಿ ಹೊಸಪೇಟೆಗೆ ಕರೆದೊಯ್ದು ರುದ್ರಯ್ಯ ಮಾಸ್ತರ ಮುಂದೆ ಕೂರಿಸುತ್ತಿದ್ದೆ. ಮಾಸ್ತರು ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ ತಬಲಾ ನುಡಿಸುತ್ತಾ ಊರೂರು ತಿರುಗಿದವರು. ಕಾಲುವೆ ದಂಡೆಯ ಓಣಿಯಲ್ಲಿ ಅವರ ಮನೆ. ಒಂದು ಚಾಪೆ, ಕಂಪನಿ ಕಾಲದ ಹಾರ್ಮೋನಿಯಂ, ಗೋಡೆಗೆ ತೂಗುಹಾಕಿದ ತಲೆಯ ರುಮಾಲು. ಅವರ ಕಲಿಸುವ ಕ್ರಮವೊಂದೇ. ಅವರು ಹಾರ್ಮೋನಿಯಂನಲ್ಲಿ ಒಂದು ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಅದಕ್ಕೆ ಲೆಹರಾ ಎನ್ನುತ್ತಾರೆ. ಮಕ್ಕಳು ಅದರ ಮೇಲೆ ತಬಲಾ ನುಡಿಸಬೇಕು. ಸಾಲು ಒಂದು ಸುತ್ತು ಮುಗಿದು ಮತ್ತೆ ಮೊದಲಾಗುವ ಮಾತ್ರೆಗೆ ಸಮ ಎಂದು ಹೆಸರು. ನಡುವೆ ಯಾರು ಎಲ್ಲಿ ಅಲೆದರೂ ಆ ಜಾಗದಲ್ಲಿ ಇಬ್ಬರೂ ಒಟ್ಟಿಗೆ ಬೀಳಬೇಕು.

"ಸಮಕ್ಕ ಬಂದು ಕೂಡಬೇಕು ತಂಗಿ," ಎನ್ನುತ್ತಿದ್ದರು ಮಾಸ್ತರು, "ಊಟದ ಹೊತ್ತಿಗೆ ಮನಿ ಮಂದಿ ಬಂದು ಕೂಡ್ತಾರಲ್ಲ, ಹಂಗ."

ಇನ್ನು ರಸ್ತೆಯ ಮಾತು. ಇದನ್ನು ನಾನು ನಿಧಾನವಾಗಿ ಹೇಳಬೇಕು. ಬೇಗ ಹೇಳಿದರೆ ಆಗದೆ ಇದ್ದದ್ದೂ ಸೇರಿಕೊಳ್ಳುತ್ತದೆ.

ಬಸ್‌ಸ್ಟ್ಯಾಂಡು ರಸ್ತೆಯ ಆಚೆ, ನಮ್ಮ ಓಣಿ ಈಚೆ. ರಸ್ತೆಯ ತುಂಬ ಅದಿರಿನ ಲಾರಿಗಳು, ಒಂದರ ಮೂತಿಗೆ ಒಂದರ ಬಾಲ. ಅವು ಚಲಿಸುವುದಕ್ಕಿಂತ ನಿಂತಿರುವುದೇ ಹೆಚ್ಚಾಗಿತ್ತು. ಹೀಗಾಗಿ ಊರಿನವರೆಲ್ಲ ಒಂದು ರೂಢಿ ಮಾಡಿಕೊಂಡಿದ್ದೆವು. ನಿಂತ ಎರಡು ಲಾರಿಗಳ ನಡುವಿನ ಸಂದಿಯಲ್ಲಿ ನುಸುಳಿ ದಾಟುವುದು. ನುಸುಳುವ ಮೊದಲು ಹಿಂದಿನ ಲಾರಿಯ ಮುಂಭಾಗಕ್ಕೆ ಅಂಗೈಯಿಂದ ಎರಡು ಬಾರಿ ಬಡಿಯುವುದು, ನಾವಿದ್ದೇವೆ ಎಂದು ಡ್ರೈವರಿಗೆ ತಿಳಿಯಲಿಕ್ಕೆ. ದನಕ್ಕೆ ಬೆನ್ನು ಚಪ್ಪರಿಸಿ ದಾಟುವ ಹಾಗೆ. ಶಾಲೆಯ ಮಕ್ಕಳು, ಮುದುಕಿಯರು, ತಲೆಯ ಮೇಲೆ ಬುಟ್ಟಿ ಹೊತ್ತವರು, ಎಲ್ಲರೂ ಹಾಗೆಯೇ ದಾಟುತ್ತಿದ್ದರು. ನಾವೂ ದಾಟುತ್ತಿದ್ದೆವು.

ಆ ಭಾನುವಾರ ಪಾಠ ಮುಗಿಸಿ ಮನೆಗೆ ಮರಳುವಾಗ ನನ್ನ ಬಗಲಲ್ಲಿ ತಬಲಾ ಇತ್ತು. ಡಗ್ಗಾ, ಅಂದರೆ ಎಡಗೈಯ ತಾಮ್ರದ ವಾದ್ಯ, ಅಕ್ಷತಾಳ ತೋಳಲ್ಲಿತ್ತು. ಅವಳಿಗೆ ಆಗ ಹತ್ತು ವರ್ಷ. ನಮ್ಮ ಮುಂದೆ ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸಂದಿಗೆ ಇಳಿದಳು. ಲಾರಿಗೆ ಬಡಿದವಳೂ ಅವಳೇ. ನಾನು ದಾಟಿದೆ. ಅಕ್ಷತಾ ನನ್ನ ಹಿಂದೆ. ಹಿಂದಿನ ಲಾರಿ ಹೊರಟಿತು. ಡ್ರೈವರಿಗೆ ಬಡಿದ ಸದ್ದು ಕೇಳಿಸಿತ್ತೋ ಇಲ್ಲವೋ, ಎಲ್ಲರೂ ದಾಟಿದರೆಂದು ಎಣಿಸಿದನೋ, ನನಗೆ ಗೊತ್ತಿಲ್ಲ. ಅಕ್ಷತಾ ಬೆಚ್ಚಿ ನೆಗೆದಾಗ ಡಗ್ಗಾ ಅವಳ ತೋಳಿಂದ ಜಾರಿ ಬಿದ್ದು ಉರುಳಿತು. ಅವಳು ಅದನ್ನು ಹಿಡಿಯಲು ಹಿಂದಕ್ಕೆ ಬಗ್ಗಿದಳು. ಹಣ್ಣಿನವಳು ಬುಟ್ಟಿ ಕೈಬಿಟ್ಟು ಅವಳ ಜಡೆ ಹಿಡಿದು ಎಳೆದಳು. ನಾನು ತಬಲಾ ತಬ್ಬಿಕೊಂಡು ನಿಂತಿದ್ದೆ. ತಾಮ್ರ ಚಕ್ರದಡಿ ಮಡಚಿಕೊಳ್ಳುವ ಸದ್ದು ದೊಡ್ಡದೇನಲ್ಲ. ತುಂಬಿದ ಕೊಡದ ಮೇಲೆ ಇನ್ನೊಂದು ಕೊಡ ಇಟ್ಟ ಹಾಗೆ.

"ಕಣ್ಣು ಎಲ್ಲಿಟ್ಟೀಯವಾ," ಎಂದು ಹಣ್ಣಿನವಳು ಬೈದಳು. ಅಕ್ಷತಾಳಿಗೋ ನನಗೋ ತಿಳಿಯಲಿಲ್ಲ. ಜನ ಸೇರಿದರು. ಚದುರಿದ ಹಣ್ಣು ಆರಿಸಿಕೊಟ್ಟರು. "ಏನೂ ಆಗಿಲ್ಲ ಬಿಡ್ರಿ, ದೇವ್ರು ದೊಡ್ಡಾಂವ" ಎಂದರು. ನಿಜ, ಏನೂ ಆಗಿರಲಿಲ್ಲ. ಆದ್ದರಿಂದ ಮನೆಯಲ್ಲಿ ಅದರ ಬಗ್ಗೆ ಮಾತಾಡಲು ನಮಗೆ ಮಾತೇ ಇರಲಿಲ್ಲ.

ಅಂದಿನಿಂದ ಅಕ್ಷತಾ ರಸ್ತೆ ದಾಟಲಿಲ್ಲ. ಶಾಲೆ ಈಚೆ ಬದಿಗೇ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಓಣಿಯ ತುದಿಯವರೆಗೆ ಬಂದವಳು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ. "ನೀ ಹೋಗಿ ಬಾ ಅಮ್ಮಾ," ಎಂದಳು, ಕಲಿಯಬೇಕಾದವಳು ನಾನೇ ಎಂಬಂತೆ. ಅದರ ಮುಂದಿನ ವಾರವೂ ಅಷ್ಟೇ. ನಾನು ಮಾಸ್ತರಿಗೆ ಫೋನ್ ಮಾಡಿ ಇದ್ದದ್ದು ಹೇಳಿದೆ. ಎರಡು ದಿನದ ಮೇಲೆ ಹೊಸಪೇಟೆ ಬಸ್ಸಿನ ಕಂಡಕ್ಟರು ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಕೊಟ್ಟರು. ಒಳಗೆ ಮಾಸ್ತರ ಸ್ವಂತ ಡಗ್ಗಾ. ನಾಟಕ ಕಂಪನಿಯ ಜೊತೆ ತಿರುಗಿದ್ದು. ಹೊಟ್ಟೆಯ ಮೇಲೆ ಅಲ್ಲಲ್ಲಿ ನೆಗ್ಗು.

ವಾದ್ಯ ಬಂತು, ಪಾಠ ಹೇಗೆ ಬರಬೇಕು? ದಾರಿ ತೋರಿಸಿದವರು ಪಂಪಣ್ಣ. ಅದಿರಿನ ಲಾರಿಯ ವಿಷಯ ಕೇಳಿದಾಗಿನಿಂದ ಅವರು ನನ್ನನ್ನು ಕಂಡಾಗಲೆಲ್ಲ, "ಅಕ್ಕಾರ, ಆ ಲಾರಿ ನಮ್ದಲ್ರಿ" ಎನ್ನುತ್ತಿದ್ದರು. ಅವರದೆಂದು ನಾನೆಂದೂ ಅಂದಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಹೇಳಿದರು: "ನಮ್ ಆಫೀಸ್ನ್ಯಾಗ ಕಂಪ್ಯೂಟರ್ ಐತಿ, ಇಂಟರ್‌ನೆಟ್ ಐತಿ, ಗುಂಡಿ ಹಂಗ ಒಂದು ಕ್ಯಾಮೆರಾನೂ ಐತಿ. ಚೀನಾದಾಗ ಅದಿರಿನ ರೇಟು ನೋಡಾಕ ತರ್ಸೀನಿ, ಅದು ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ. ಪಾಪು ಬಂದು ಕಲೀಲಿ. ಮಾಸ್ತರ್ನ ಅತ್ಲಾಗ ಒಂದು ಸೈಬರ್ ಸೆಂಟರ್ನ್ಯಾಗ ಕುಂದ್ರಸ್ರಿ."

ಹೀಗೆ ಅದಿರಿನ ಲಾರಿಗಳ ಆಫೀಸಿನಲ್ಲಿ ಮಗಳ ಪಾಠ ಶುರುವಾಯಿತು. ಮೇಜಿನ ಮೇಲಿದ್ದದ್ದನ್ನೆಲ್ಲ ಸರಿಸಿ ಕಂಪ್ಯೂಟರನ್ನು ಇಬ್ಬರು ಹಿಡಿದು ನೆಲಕ್ಕಿಳಿಸುತ್ತಿದ್ದೆವು. ತಬಲಾ ಮುಂದೆ ಕುರ್ಚಿ ಹಾಕಿಕೊಂಡು ಕೂರಲಾಗುವುದಿಲ್ಲವಲ್ಲ. ಆದರೆ ಗುರು ಕಾಣಿಸಿಕೊಳ್ಳುವ ಪೆಟ್ಟಿಗೆ ಬರಿ ನೆಲದ ಮೇಲಿರುವುದು ಅಕ್ಷತಾಳಿಗೆ ಒಪ್ಪಿಗೆಯಾಗದೆ, ಮಣೆಯೊಂದನ್ನು ತಂದಿಟ್ಟಳು. ಹೊಸಪೇಟೆಯಲ್ಲಿ ಮಾಸ್ತರು ಸೈಬರ್ ಸೆಂಟರಿನ ಪುಟ್ಟ ಗೂಡಿನಲ್ಲಿ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು, ರುಮಾಲಿನ ಮೇಲೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದರು. ಅವರ ಹಿಂದೆ ಹುಡುಗರು ಆಟದಲ್ಲಿ ಗುಂಡು ಹಾರಿಸುವ ಸದ್ದು. ನಮ್ಮ ಕಡೆ ಟ್ರಿಪ್ಪಿಗೆ ಕಾಯುವ ಡ್ರೈವರುಗಳು ಬೆಂಚಿನ ಮೇಲೆ ಸಾಲಾಗಿ ಕೂತು, ಬಾಗಿಲು ತೆರೆದವರಿಗೆಲ್ಲ "ಶ್, ಕ್ಲಾಸ್ ನಡದೈತಿ" ಎನ್ನುತ್ತಿದ್ದರು. ಅಂಗೈ ಜಾರಲೆಂದು ಅವಳು ಹಚ್ಚಿಕೊಳ್ಳುತ್ತಿದ್ದ ಪೌಡರು ಆ ಕೋಣೆಯ ಧೂಳಿನೊಂದಿಗೆ ಸೇರಿ ಗುಲಾಬಿಯಾಗುತ್ತಿತ್ತು. ಪಾಠ ಮುಗಿಯುವ ಹೊತ್ತಿಗೆ ಅವಳ ಕೈ ಸೀಮಂತದ ಮನೆಯಿಂದ ಬಂದವಳ ಕೈಯ ಹಾಗೆ.

ಮಾತು ಹೋಗಿ ಮುಟ್ಟಲು ಹೊತ್ತು ಹಿಡಿಯುತ್ತದೆ ಎಂಬುದು ಮೊದಲ ದಿನವೇ ತಿಳಿಯಿತು. "ಊಟ ಆತೇನ್ರಿ ಮಾಸ್ತರ" ಎಂದು ನಾನು ಕೇಳುವುದಕ್ಕೂ, "ಆರಾಮದೀರೇನ್ರಿ" ಎಂದು ಅವರು ಕೇಳುವುದಕ್ಕೂ ಸರಿಹೋಗಿ, ಇಬ್ಬರ ಮಾತೂ ಡಿಕ್ಕಿ ಹೊಡೆದು, ಇಬ್ಬರೂ ನಿಂತು, ಮತ್ತೆ ಇಬ್ಬರೂ ಒಟ್ಟಿಗೇ ಶುರುಮಾಡುತ್ತಿದ್ದೆವು. ಅಲ್ಲಿ ನಾನು ನಿಲ್ಲುವುದನ್ನು ಕಲಿತೆ. ಅವರದು ಮುಗಿದು, ಒಂದು ಉಸಿರಾದ ಮೇಲೆ ನನ್ನದು.

ಮಗಳು ಕಲಿತದ್ದು ಬೇರೆ. ಮಾಸ್ತರು ಲೆಹರಾ ಹಿಡಿದರೆ ಅದು ಇವಳಿಗೆ ತಡವಾಗಿ ಕೇಳಿಸುತ್ತಿತ್ತು. ಕೇಳಿಸಿದ್ದಕ್ಕೆ ಸರಿಯಾಗಿ ಇವಳು ನುಡಿಸಿದ್ದು ಅವರಿಗೆ ಇನ್ನೂ ತಡವಾಗಿ ಮುಟ್ಟುತ್ತಿತ್ತು.

"ಹಿಂದ ಬೀಳ್ತೀಯಲ್ಲ ತಂಗಿ," ಎನ್ನುತ್ತಿದ್ದರು ಅವರು. "ಸಮ ಆಗಿ ಹೋದ ಮ್ಯಾಲೆ ಬರ್ತಿ. ಎಲ್ಲಾರೂ ಉಂಡೆದ್ದ ಮ್ಯಾಲೆ ಬಂದ್ರ ಏನ್ ಸಿಗತೈತಿ?"

ಅಕ್ಷತಾ ತುಟಿ ಕಚ್ಚಿಕೊಂಡು ಮತ್ತೆ ನುಡಿಸುವಳು. ಮತ್ತೆ ಅದೇ ಮಾತು. ಕೆಲವು ವಾರ ಹೀಗೆ ನಡೆಯಿತು. ಆಮೇಲೊಂದು ದಿನ ಮಾಸ್ತರು ತಲೆದೂಗಿದರು. "ಶಾಬಾಶ್. ಈಗ ನೋಡು ಬಂದು ಕೂಡಿದಿ." ಪರದೆಯ ಮೇಲೆ ಅವರ ಮುಖ ನಗುವಿನಲ್ಲೇ ಸಿಕ್ಕಿಹಾಕಿಕೊಂಡು ಬಹಳ ಹೊತ್ತು ಹಾಗೇ ಇತ್ತು. ಇವಳ ಮುಖದಲ್ಲಿ, ರಸ್ತೆಯ ಆ ದಿನದ ನಂತರ ಮೊದಲ ಬಾರಿಗೆ, ನಗು ಕಂಡೆ.

ಆದರೆ ನಮ್ಮ ಕೋಣೆಯಲ್ಲಿ ಕೇಳುತ್ತಿದ್ದದ್ದು ಬೇರೆಯೇ. ಸಮದ ಮೇಲೆ ಬೀಳಬೇಕಾದ ಅವಳ "ಧಾ" ಬಡಿತ ಮೊದಲು ಬಿದ್ದು, ಆಮೇಲೆ ಹಾರ್ಮೋನಿಯಂ ಬಂದು ಸೇರುತ್ತಿತ್ತು. ಬೆಂಚಿನ ಮೇಲಿದ್ದ ಪಂಪಣ್ಣ ಒಮ್ಮೆ ಮೆಲ್ಲಗೆ ಅಂದರು: "ನನಗೇನ್ ತಿಳಿಯಂಗಿಲ್ಲ ಬಿಡ್ರಿ ಅಕ್ಕಾರ. ಆದ್ರ ಪಾಪು ಆ ಪೆಟಗೀನ ಓವರ್‌ಟೇಕ್ ಮಾಡಾಕ ಹತ್ಯಾಳ ಅನಸ್ತೈತಿ."

"ಮಾಸ್ತರೇ ಶಾಬಾಶ್ ಅಂದ್ರಲ್ರಿ," ಎಂದೆ ನಾನು. ಅಕ್ಕಿ ಗಿರಣಿಯ ಸಂಗೀತದವಳು ಇನ್ನೇನು ಹೇಳಿಯಾಳು. ಅದೇ ವಾರ ಶಾಲೆಯಲ್ಲಿ ಮಿಂಚು ಮೊದಲೇಕೆ, ಗುಡುಗು ಆಮೇಲೇಕೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ.

ಆಷಾಢ ಬಂತು. ಗುರುಪೂರ್ಣಿಮೆಯ ದಿನ ಮಾಸ್ತರ ಮನೆಯಲ್ಲಿ ಶಿಷ್ಯರೆಲ್ಲ ಸೇರುವುದು ಪದ್ಧತಿ. ಒಬ್ಬೊಬ್ಬರೂ ನುಡಿಸಬೇಕು. ತಯಾರಾದವರ ಮಣಿಕಟ್ಟಿಗೆ ಅಂದು ಮಾಸ್ತರು ಕೆಂಪು ದಾರ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಅವರು ಮಾಸ್ತರ ಶಿಷ್ಯರೆಂದು ನಾಲ್ಕು ಜನರ ನಡುವೆ ಹೇಳಿಕೊಳ್ಳಬಹುದು. ಈ ವರ್ಷ ಅಕ್ಷತಾಳಿಗೆ ಕಟ್ಟುವುದಾಗಿ ಹೇಳಿದ್ದರು.

"ಕಂಪ್ಯೂಟರಿನ್ಯಾಗೇ ಬಾರಸ್ತೀನ್ರಿ ಮಾಸ್ತರ," ಎಂದಳು ಇವಳು.

ಅವರ ಉತ್ತರ ಬರುವಷ್ಟು ಹೊತ್ತು ಕಾದೆವು. "ಬಾರ್ಸಬೌದವ್ವ. ದಾರ ಹೆಂಗ ಕಟ್ಲಿ? ನಿನ್ ಕೈ ನನ್ ಕೈಯಾಗ ಬೇಕಲ್ಲ."

ಅಂದು ಬೆಳಿಗ್ಗೆ ಅವಳು ತಾನೇ ಡಗ್ಗಾವನ್ನು ಆ ಹಳೆಯ ಸೀರೆಯಲ್ಲಿ ಸುತ್ತಿ, ನಡುವಿಗೆ ಕಟ್ಟಿಕೊಂಡಳು. ಜಾರಬಾರದೆಂದು. ಓಣಿಯ ತುದಿಗೆ ಬಂದೆವು. ಲಾರಿಗಳು ನಿಂತಿದ್ದವು. ಅವಳು ನನ್ನ ಕೈ ಹಿಡಿದು, ಸಂದಿಯನ್ನು ನೋಡಿ, ಒಮ್ಮೆಲೇ ಮುಂದಕ್ಕೆ ಹೆಜ್ಜೆ ಹಾಕಿದಳು. ನನ್ನ ಕಾಲು ಏಳಲಿಲ್ಲ. ಅವಳು ಎಳೆದಳು, ನಾನು ನಿಂತೆ. ಇಬ್ಬರೂ ಸಂದಿಯ ಬಾಯಲ್ಲಿ ಸಿಕ್ಕಿಕೊಂಡೆವು. ಲಾರಿಗೆ ಬಡಿಯುವುದು ಇಬ್ಬರಿಗೂ ಮರೆತಿತ್ತು. ಮೇಲಿನಿಂದ ಡ್ರೈವರು ತಲೆ ಹೊರಹಾಕಿ, "ದಾಟ್ರಿ ಇಲ್ಲಾ ನಿಲ್ರಿ, ಎರಡ್ರಾಗ ಒಂದ್ ಮಾಡ್ರಿ ಅಕ್ಕಾರ" ಎಂದು ಕೂಗಿದ. ಅವಳು ನನ್ನನ್ನು ಹೇಗೋ ಆಚೆ ಎಳೆದುಕೊಂಡು ಹೋದಳು. ಬಸ್ಸಿನಲ್ಲಿ ಕೂತ ಮೇಲೂ ಅವಳ ಬೆರಳು ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

ಮಾಸ್ತರ ಮನೆಯಲ್ಲಿ ಜನ ತುಂಬಿದ್ದರು. ಅವಳ ಸರದಿ ಬಂತು. ಮಾಸ್ತರು ಲೆಹರಾ ಹಿಡಿದರು. ಇಷ್ಟು ತಿಂಗಳ ನಂತರ ಅವರು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ಅವಳು ಕೈ ಹಾಕಿದಳು. ಒಂದು ಸುತ್ತು. ಸಮ ಬರುವುದಕ್ಕೆ ಮೊದಲೇ ಅವಳ "ಧಾ" ಬಿತ್ತು. ಮಾಸ್ತರು ಹುಬ್ಬೇರಿಸಿದರು. ಇನ್ನೊಂದು ಸುತ್ತು. ಮತ್ತೆ ಮೊದಲೇ. ತಪ್ಪಿದೆಯೆಂದು ಅವಳಿಗೂ ಕೇಳುತ್ತಿತ್ತು. ಎಲ್ಲಿ ತಪ್ಪಿದೆಯೆಂದು ತಿಳಿಯದೆ, ಇನ್ನೂ ಹಿಂದೆ ಬಿದ್ದಿರಬೇಕೆಂದು ಇನ್ನಷ್ಟು ಮುಂದೆ ಓಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗರು ಕಿಸಕ್ಕೆಂದರು. ಅವಳು ಕೈ ನಿಲ್ಲಿಸಿ, ತಲೆ ತಗ್ಗಿಸಿ, ಬಹಳ ಸಣ್ಣ ದನಿಯಲ್ಲಿ ಹೇಳಿದಳು: "ಮಾಸ್ತರ, ನೀವು ಹಿಂಗೇ ಸರಿ ಅಂದಿದ್ರಿ."

ಮಾಸ್ತರು ಹಾರ್ಮೋನಿಯಂನ ತಿದಿ ಮುಚ್ಚಿದರು. ಅವರಿಗೆ ಅದು ಯಾವಾಗ ಹೊಳೆಯಿತೋ ನನಗೆ ತಿಳಿಯದು. ಮುಖ ಮಾತ್ರ ಸಣ್ಣಗಾಯಿತು.

"ಹೌದವ್ವ, ಅಂದಿದ್ದೆ. ನನ್ ಕಿವಿಗೆ ಸರೀನೇ ಬಂದಿತ್ತು. ನನಗ ಹಿತ ಆಗ್ಲಿ ಅಂತ ನೀ ಅಲ್ಲಿಂದ ಇಲ್ಲೀತನ ಓಡಿ ಬರ್ತಿದ್ದಿ. ಅದು ನನಗ ತಿಳೀಲಿಲ್ಲ." ಹಾರ್ಮೋನಿಯಂ ಅನ್ನು ಪಕ್ಕಕ್ಕೆ ಸರಿಸಿದರು. "ಈಗ ನಾ ಇಲ್ಲೇ ಅದೀನಿ. ಓಡಬ್ಯಾಡ."

ಅವಳ ಎಡಗೈಯನ್ನು ತೆಗೆದು ತಮ್ಮ ಮೊಣಕಾಲ ಮೇಲಿಟ್ಟುಕೊಂಡರು. ಅದರ ಮೇಲೆ ತಮ್ಮ ಕೈಯಿಂದ ತಾಳ ಹಾಕತೊಡಗಿದರು, ಬಾಯಲ್ಲಿ ಮೆಲ್ಲಗೆ ಧಾ ಧಿನ್ ಎಂದು ಬೋಲು ಹೇಳುತ್ತಾ. ಅವಳು ಬಲಗೈಯೊಂದರಲ್ಲೇ ತಬಲಾ ಮುಟ್ಟಿದಳು. ಮೊದಲ ಸುತ್ತು ಮೊದಲೇ ಬಿತ್ತು. ಎರಡನೆಯದೂ ಹಾಗೇ. ಆಮೇಲೆ ಎಷ್ಟು ಸುತ್ತು ಹೋಯಿತೋ ನಾನು ಎಣಿಸಲಿಲ್ಲ; ಒಂದು ಸುತ್ತಿನ ಕೊನೆಯಲ್ಲಿ ಅವಳ ಕೈ ಗಾಳಿಯಲ್ಲಿ ನಿಂತು, ಕಾದು, ಅವರ ಕೈಯೊಂದಿಗೆ ಇಳಿಯಿತು.

ಅಂದು ಅವರು ಅವಳಿಗೆ ದಾರ ಕಟ್ಟಲಿಲ್ಲ. ಉಳಿದವರಿಗೆ ಕಟ್ಟಿದ ಮೇಲೆ ತಟ್ಟೆಯಲ್ಲಿ ಮಿಕ್ಕ ಒಂದೆಳೆಯನ್ನು ಸುರುಳಿ ಸುತ್ತಿ ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. "ಇದು ನಿಂದು. ನನ್ ಹಂತೇಕ ಇರತೈತಿ. ನನ್ ಮುಂದ ಬಂದು ಕುಂತು ಕಲೀಬೇಕು, ಅವಾಗ ಕಟ್ತೀನಿ. ಬರ್ತೀಯಿಲ್ಲೋ?"

ನಾನು ಏನೋ ಹೇಳಲು ಹೊರಟು, ರೂಢಿಯಂತೆ ಒಂದು ಉಸಿರು ತಡೆದೆ. ಅಷ್ಟರಲ್ಲಿ ಅವಳೇ ಹೇಳಿದಳು: "ಐತ್ವಾರ ಬರ್ತೀನ್ರಿ."

ಸಂಜೆ ಸಂಡೂರಿನಲ್ಲಿ ಬಸ್ಸಿಳಿದಾಗ ಲಾರಿಗಳ ಸಾಲು ಹಾಗೇ ಇತ್ತು. ಹಣ್ಣಿನವಳು ಖಾಲಿ ಬುಟ್ಟಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಅಕ್ಷತಾ ರಸ್ತೆಯಂಚಿನಲ್ಲಿ ನಿಂತಳು. ಈ ಸಲ ಎಳೆಯಲಿಲ್ಲ. ನನ್ನ ಅಂಗೈಯೊಳಗೆ ಅವಳ ಬೆರಳುಗಳು ಮೆಲ್ಲಗೆ ತಾಳ ಹಾಕುತ್ತಿದ್ದವು, ಮಾಸ್ತರ ಮೊಣಕಾಲ ಮೇಲೆ ಹಾಕಿಸಿಕೊಂಡ ಅದೇ ತಾಳ. ಮುಂದಿನ ಲಾರಿ ಸರಿದು ನಿಂತಿತು. ಹಿಂದಿನದು ಸರಿದು ನಿಂತಿತು. ಅವಳು ಕೈ ಎತ್ತಿ ಅದರ ಮೂತಿಗೆ ಎರಡು ಬಾರಿ ಬಡಿದಳು. ಡ್ರೈವರು ಇಣುಕಿ ನೋಡಿ ಕೈ ಆಡಿಸುವವರೆಗೂ ಕಾದಳು.

ಆಮೇಲೆ ನನ್ನ ಮುಖ ನೋಡಿ, "ಈಗ" ಎಂದಳು. ಇಬ್ಬರೂ ಒಟ್ಟಿಗೆ ಹೆಜ್ಜೆ ಎತ್ತಿದೆವು.